ಬಾರದು, ಬೇಕಿಲ್ಲ, ಒಲ್ಲೆ, ಲಾರೆ: ಇಂಗ್ಲಿಷಿನ ‘ಕಾಂಟ್’, ‘ವೋಂಟ್’, ‘ಮಸಂಟ್’ಗಳನ್ನು ಸರಿಯಾಗಿ ಬಳಸುವ ಬಗೆ

ದೊಡ್ಡ ಕಾಯಿಲೆ ಎಂದರೆ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗುವುದು ಕಲಬುರಗಿ, ಬೀದರ್ ಕಡೆಯವರ ಹಳೆಯ ರೂಢಿ. ಅಲ್ಲಿನ ವೈದ್ಯರಿಗೆ ಕನ್ನಡ ಬಾರದಿದ್ದರೆ ಜೊತೆಗೆ ಹೋದ ಮಗನೋ ಸೊಸೆಯೋ ದುಭಾಷಿಯಾಗಬೇಕಾಗುತ್ತದೆ. ವೈದ್ಯರು ‘ಯೂ ಮಸಂಟ್ ಟೇಕ್ ದಿಸ್ ಟ್ಯಾಬ್ಲೆಟ್ ಅಟ್ ನೈಟ್’ ಎಂದರೆ “ಈ ಮಾತ್ರೆಯನ್ನು ರಾತ್ರಿ ತೆಗೆದುಕೊಳ್ಳಲೇಬಾರದು” ಎಂದರ್ಥ. ಅದನ್ನೇ ‘ಯೂ ನೀಡಂಟ್ ಟೇಕ್’ ಎಂದಿದ್ದರೆ “ತೆಗೆದುಕೊಳ್ಳಬೇಕಾಗಿಲ್ಲ, ತೆಗೆದುಕೊಂಡರೂ ಅಪಾಯವಿಲ್ಲ” ಎಂದರ್ಥ. ಎರಡನ್ನೂ ಒಂದೇ ಎಂದು ತಿಳಿದು ಅವ್ವನಿಗೆ ಹೇಳಿದರೆ ಅದರ ಫಲ ಅನುಭವಿಸುವವಳು ಅವ್ವ.

ಶಾಲೆಯಲ್ಲಿ ಇವನ್ನು ಕಲಿಸುವ ಕ್ರಮವೇ ಈ ಗೊಂದಲಕ್ಕೆ ಅರ್ಧ ಕಾರಣ. ಕರಿಹಲಗೆಯ ಎಡಕ್ಕೆ ‘ಕ್ಯಾನ್, ವಿಲ್, ಮಸ್ಟ್’, ಬಲಕ್ಕೆ ‘ಕಾಂಟ್, ವೋಂಟ್, ಮಸಂಟ್’ ಎಂದು ಜೋಡಿ ಬರೆಸಿ ಬಾಯಿಪಾಠ ಮಾಡಿಸುತ್ತಾರೆ. ‘ಮಸ್ಟ್’ ಎಂದರೆ ಬೇಕು, ಆದ್ದರಿಂದ ‘ಮಸಂಟ್’ ಎಂದರೆ ಬೇಕಿಲ್ಲ ಎಂದು ಹುಡುಗರು ಲೆಕ್ಕ ಹಾಕುತ್ತಾರೆ. ಲೆಕ್ಕ ನೋಡಲು ಸರಿ, ಉತ್ತರ ತಪ್ಪು. ಮೋಡಲ್ ಎಂದು ಕರೆಯುವ ಈ ಸಹಾಯಕ ಕ್ರಿಯಾಪದಗಳಲ್ಲಿ ನಿಷೇಧ ರೂಪ ಯಾವಾಗಲೂ ಮೂಲ ಅರ್ಥದ ನೇರ ವಿರುದ್ಧವಾಗಿರುವುದಿಲ್ಲ. ಆದ್ದರಿಂದ ನಾನು ಹೇಳುವ ದಾರಿ ತಲೆಕೆಳಗಿನದು: ಇಂಗ್ಲಿಷ್ ಜೋಡಿಯಿಂದ ಹೊರಡಬೇಡಿ, ನಿಮ್ಮ ಮನಸ್ಸಿನಲ್ಲಿರುವ ಕನ್ನಡದ ‘ಇಲ್ಲ’ ಯಾವುದು ಎಂಬುದರಿಂದ ಹೊರಡಿ.

ಉದಾಹರಣೆಗಳನ್ನು ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ. ಗಟ್ಟಿಯಾಗಿ ಓದಿ, ಆಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ನಿಮ್ಮ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.

ಮೊದಲ ಹೆಜ್ಜೆ: ಯಾವ ‘ಇಲ್ಲ’ ಎಂದು ಗೊತ್ತುಮಾಡಿಕೊಳ್ಳಿ

ಶಕ್ತಿ ಇಲ್ಲ, ಅನುಕೂಲವಿಲ್ಲ, ಸಾಧ್ಯವಿಲ್ಲ ಎನ್ನುವಾಗ ಕನ್ನಡದಲ್ಲಿ “ಲಾರೆ”, “ಆಗುವುದಿಲ್ಲ” ಎನ್ನುತ್ತೇವೆ. “ಈ ಮೂಟೆ ಎತ್ತಲಾರೆ” ಎಂಬುದಕ್ಕೆ ‘ಐ ಕಾಂಟ್ ಲಿಫ್ಟ್ ದಿಸ್ ಬ್ಯಾಗ್’. ಇದು ಸುಲಭ.

ಇಷ್ಟವಿಲ್ಲ, ಜಪ್ಪಯ್ಯ ಎಂದರೂ ಮಾಡುವುದಿಲ್ಲ ಎನ್ನುವಾಗ “ಒಲ್ಲೆ”. ಬೆಂಗಳೂರಿನ ಕಡೆ ಈ ಮಾತು ಪುಸ್ತಕ ಸೇರಿದೆ, ನಮ್ಮಲ್ಲಿ ಇನ್ನೂ ಬಾಯಲ್ಲಿದೆ. “ಹುಡುಗ ಉಣ್ಣಲೊಲ್ಲ” ಎಂಬುದಕ್ಕೆ ‘ಹಿ ವೋಂಟ್ ಈಟ್’ ಎನ್ನುವುದಕ್ಕಿಂತ ನಿಖರವಾದ ಇಂಗ್ಲಿಷ್ ಇಲ್ಲ. ಇನ್ನೂ ಸೊಗಸೆಂದರೆ, ಜೀವವಿಲ್ಲದ ವಸ್ತುಗಳಿಗೂ ನಾವು ಹಟ ಆರೋಪಿಸುತ್ತೇವೆ: “ಗಾಡಿ ಶುರುವಾಗಲೊಲ್ಲದು”, “ಬಾಗಿಲು ತೆರೆಯಲೊಲ್ಲದು”. ಇಂಗ್ಲಿಷರೂ ಹಾಗೆಯೇ ಮಾಡುತ್ತಾರೆ: ‘ದ ಬೈಕ್ ವೋಂಟ್ ಸ್ಟಾರ್ಟ್’, ‘ದ ಡೋರ್ ವೋಂಟ್ ಓಪನ್’. ‘ವೋಂಟ್’ ಎಂದರೆ ಬರಿಯ ಭವಿಷ್ಯತ್ಕಾಲ ಎಂದು ಕಲಿತವರಿಗೆ ಈ ವಾಕ್ಯಗಳು ವಿಚಿತ್ರವೆನಿಸುತ್ತವೆ. ಅಫಜಲಪುರದ ರೈತನಿಗೆ ಅನಿಸಬೇಕಾದ ಕಾರಣವಿಲ್ಲ.

‘ವೋಂಟ್’ನಲ್ಲಿ ಈ ‘ಒಲ್ಲೆ’ಯ ಖಾರ ಇರುವುದರಿಂದಲೇ ಕಚೇರಿಯಲ್ಲಿ ಎಚ್ಚರ ಬೇಕು. “ನಾಳೆ ಬರುವುದಿಲ್ಲ ಸರ್” ಎಂಬುದು ಕನ್ನಡದಲ್ಲಿ ಕೇವಲ ಮಾಹಿತಿ. ಅದನ್ನು ‘ಐ ವೋಂಟ್ ಕಮ್ ಟುಮಾರೋ’ ಎಂದು ಸಂದೇಶ ಕಳುಹಿಸಿದರೆ ಹೈದರಾಬಾದಿನ ಮ್ಯಾನೇಜರ್ ಅದನ್ನು “ಬರಲೊಲ್ಲೆ, ಏನು ಮಾಡುತ್ತೀರೋ ಮಾಡಿ” ಎಂದು ಓದಿಕೊಳ್ಳಬಹುದು. ‘ಐ ಕಾಂಟ್ ಕಮ್ ಟುಮಾರೋ’ ಅಥವಾ ಇನ್ನೂ ಮೆತ್ತಗೆ ‘ಐ ವೋಂಟ್ ಬಿ ಏಬಲ್ ಟು ಕಮ್ ಟುಮಾರೋ’ ಎನ್ನಿ. ಜೊತೆಗೆ ಕಾರಣ ಒಂದನ್ನು ಸೇರಿಸಿದರೆ ರಜೆಯೂ ಸಿಗುತ್ತದೆ, ಮುಖವೂ ಉಳಿಯುತ್ತದೆ.

ಇನ್ನು “ಬಾರದು”, “ಕೂಡದು”. ಕನ್ನಡದ ಈ ಒಂದು ಪದದಲ್ಲಿ ಇಂಗ್ಲಿಷಿನ ಮೂರು ಬೇರೆ ಬೇರೆ ‘ಇಲ್ಲ’ಗಳು ಅಡಗಿವೆ. ಬಿಡಿಸುವ ಪ್ರಶ್ನೆ ಒಂದೇ: ತಡೆಯುತ್ತಿರುವವರು ಯಾರು? ಮಾತನಾಡುವವರೇ ತಮ್ಮ ಅಧಿಕಾರದಿಂದ ಗಟ್ಟಿಯಾಗಿ ತಡೆದರೆ ‘ಮಸಂಟ್’. ತಾಯಿ ಮಗುವಿಗೆ, ವೈದ್ಯರು ರೋಗಿಗೆ ಹೇಳುವುದು ಇದು: ‘ಯೂ ಮಸಂಟ್ ಟಚ್ ದಟ್ ವೈರ್’. ಎಲ್ಲೋ ಬರೆದಿಟ್ಟ ನಿಯಮ ತಡೆದರೆ ಆಡುಮಾತಿನಲ್ಲಿ ‘ಕಾಂಟ್’ ಸಾಕು: ಸೂಪರ್ ಮಾರ್ಕೆಟ್ ಬಳಿ ಪೊಲೀಸರು ಗಾಡಿ ನಿಲ್ಲಿಸಗೊಡದಿದ್ದರೆ ‘ಯೂ ಕಾಂಟ್ ಪಾರ್ಕ್ ಹಿಯರ್’. ನಿಲ್ಲಿಸುವ ಶಕ್ತಿ ನಿಮಗಿದೆ, ಅನುಮತಿ ಇಲ್ಲ. ಯಾರ ತಡೆಯೂ ಇಲ್ಲದೆ ಬರಿಯ ಬುದ್ಧಿಮಾತಾದರೆ ‘ಶುಡಂಟ್’: ಮೇ ತಿಂಗಳ ನಮ್ಮೂರ ಬಿಸಿಲಿಗೆ ಹೊರಟು ನಿಂತ ಅತಿಥಿಗೆ ‘ಯೂ ಶುಡಂಟ್ ಗೋ ಔಟ್ ನೌ’ ಎನ್ನಬೇಕು. ಅಲ್ಲಿ ‘ಮಸಂಟ್’ ಎಂದರೆ ಅವರನ್ನು ಮನೆಯಲ್ಲಿ ಕೂಡಿಹಾಕಿದಂತೆ ಕೇಳಿಸುತ್ತದೆ.

“ಬೇಕಾಗಿಲ್ಲ” ಎಂಬ ವಿನಾಯಿತಿಗೆ ‘ನೀಡಂಟ್’ ಅಥವಾ ‘ಡೋಂಟ್ ಹ್ಯಾವ್ ಟು’. ಮೊದಲನೆಯದು ಬ್ರಿಟಿಷರ ಕಡೆಯ ಮಾತು, ಸ್ವಲ್ಪ ಹಳೆಯ ಗತ್ತಿನದು. ಎರಡನೆಯದು ಎಲ್ಲ ಕಡೆ ನಡೆಯುತ್ತದೆ. ಮಾತನಾಡಲು ಎರಡನೆಯದನ್ನೇ ರೂಢಿಸಿಕೊಳ್ಳಿ, ಮೊದಲನೆಯದನ್ನು ಕೇಳಿದಾಗ ಗುರುತಿಸಿದರೆ ಸಾಕು. ‘ನೀಡಂಟ್’ ಬಳಸಿದರೆ ಅದರ ಹಿಂದೆ ‘ಟು’ ಹಚ್ಚಬೇಡಿ: ‘ಯೂ ನೀಡಂಟ್ ಕಮ್’ ಸರಿ, ‘ಯೂ ನೀಡಂಟ್ ಟು ಕಮ್’ ತಪ್ಪು.

ಉಳಿದದ್ದು ಊಹೆಯ ‘ಇಲ್ಲ’. ಇಲ್ಲಿ ಇಲ್ಲ ಎಂಬುದು ಎಲ್ಲಿ ಕೂತಿದೆ ಎಂದು ನೋಡಬೇಕು. “ಈ ವಾರ ಮಳೆ ಬಾರದೆ ಇರಬಹುದು” ಎಂದು ತೊಗರಿ ಬಿತ್ತನೆಗೆ ಕಾಯುವ ರೈತ ಹೇಳಿದರೆ ಅದು ಅರೆಮನಸ್ಸಿನ ಮಾತು: ‘ಇಟ್ ಮೇ ನಾಟ್ ರೇನ್’ ಅಥವಾ ‘ಮೈಟ್ ನಾಟ್’. “ಇದು ನಿಜವಾಗಿರಲಾರದು, ಸಾಧ್ಯವೇ ಇಲ್ಲ” ಎಂಬ ಖಚಿತ ಊಹೆಗೆ ‘ಇಟ್ ಕಾಂಟ್ ಬಿ ಟ್ರೂ’. ಶಾಲೆಯ ಜೋಡಿ ಪಟ್ಟಿ ಇಲ್ಲಿಯೂ ಕೈಕೊಡುತ್ತದೆ. ‘ಹಿ ಮಸ್ಟ್ ಬಿ ಅಟ್ ಹೋಮ್’ ಎಂದರೆ “ಮನೆಯಲ್ಲೇ ಇರಬೇಕು” ಎಂಬ ಊಹೆ. ಅದರ ವಿರುದ್ಧ ‘ಮಸಂಟ್ ಬಿ’ ಅಲ್ಲ, ‘ಹಿ ಕಾಂಟ್ ಬಿ ಅಟ್ ಹೋಮ್’.

ಕಲಬುರಗಿಯ ಬಂದಾ ನವಾಜ್ ದರ್ಗಾದ ಸುತ್ತಲ ಓಣಿಗಳಲ್ಲಿ ಕೇಳಿಸುವ ದಖನಿ ಉರ್ದುವಿನ ‘ನಕ್ಕೋ’ ಬೇಡ ಎಂಬುದನ್ನೂ ಮಾಡಬೇಡ ಎಂಬುದನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತದೆ. ಇಂಗ್ಲಿಷಿಗೆ ಅಂಥ ಸರಾಗ ದಕ್ಕಿಲ್ಲ. ಅದಕ್ಕೇ ಈ ಮೊದಲ ಹೆಜ್ಜೆಗೆ ಇಷ್ಟು ಜಾಗ ಕೊಟ್ಟೆ.

ಎರಡನೆಯ ಹೆಜ್ಜೆ: ಮೋಡಲ್ ಪಕ್ಕ ಇನ್ನೊಂದನ್ನು ಕೂರಿಸಬೇಡಿ

ನಮ್ಮಲ್ಲಿ ಅತಿ ಹೆಚ್ಚು ಕೇಳಿಬರುವ ತಪ್ಪು ‘ಐ ಕಾಂಟ್ ಏಬಲ್ ಟು ಕಮ್’. ‘ಕಾಂಟ್’ನ ಹೊಟ್ಟೆಯಲ್ಲೇ “ಆಗುವುದಿಲ್ಲ” ಇದೆ, ಮತ್ತೆ ‘ಏಬಲ್’ ಏಕೆ? ‘ಐ ಕಾಂಟ್ ಕಮ್’ ಅಥವಾ ‘ಐ ಆ್ಯಮ್ ನಾಟ್ ಏಬಲ್ ಟು ಕಮ್’, ಎರಡರಲ್ಲಿ ಒಂದು. ‘ಐ ಡೋಂಟ್ ಕ್ಯಾನ್’ ಎಂಬುದೂ ಇಲ್ಲ. ಮೋಡಲ್‌ಗಳಿಗೆ ‘ಡೂ’ ಎಂಬ ಸಹಾಯಕನ ನೆರವು ಬೇಡ.

ಇವುಗಳ ಹಿಂದೆ ಬರುವ ಕ್ರಿಯಾಪದ ಬೋಳಾಗಿರಬೇಕು. ‘ಶಿ ಕಾಂಟ್ ಗೋಸ್’ ಇಲ್ಲ, ‘ಐ ಕುಡಂಟ್ ವೆಂಟ್’ ಇಲ್ಲ, ‘ವೋಂಟ್ ಟು ಗೋ’ ಇಲ್ಲ. ಕಾಲ, ವಚನಗಳ ಭಾರವನ್ನು ಹಿಂದಿನ ಕ್ರಿಯಾಪದ ಹೊರುವುದಿಲ್ಲ: ‘ಶಿ ಕಾಂಟ್ ಗೋ’, ‘ಐ ಕುಡಂಟ್ ಗೋ’. ‘ಆಟ್’ ಒಂದೇ ಇದಕ್ಕೆ ಅಪವಾದ, ಅದಕ್ಕೆ ‘ಟು’ ಬೇಕು. ಆದರೆ ‘ಆಟಂಟ್ ಟು’ ಎಂದು ಇಂದು ಹೇಳುವವರು ಕಡಿಮೆ, ‘ಶುಡಂಟ್’ ಆ ಜಾಗವನ್ನು ತುಂಬಿದೆ.

ಮೂರನೆಯ ಹೆಜ್ಜೆ: ಬರವಣಿಗೆ

‘ನಾಟ್’ ಎಂಬುದರ ಓ ಅಕ್ಷರ ಬಿದ್ದುಹೋಗಿದೆ. ಅಪಾಸ್ಟ್ರಫಿ ಎಂಬ ಮೇಲಿನ ಚುಕ್ಕಿ ಕೂರುವುದು ಆ ಖಾಲಿ ಜಾಗದಲ್ಲಿ, ಅಂದರೆ ಎನ್ ಮತ್ತು ಟಿ ನಡುವೆ. ಗೋಡೆಬರಹಗಳಲ್ಲಿ, ಅಂಗಡಿಯ ಫಲಕಗಳಲ್ಲಿ ಅದನ್ನು ಎನ್ ಅಕ್ಷರದ ಮುಂಚೆಯೇ ಕೂರಿಸಿಬಿಡುವುದನ್ನು ನೋಡುತ್ತೇವೆ. ‘ನಾಟ್’ನಲ್ಲಿ ಓ ಎಲ್ಲಿತ್ತು ಎಂದು ನೆನೆದರೆ ಈ ತಪ್ಪು ಆಗದು.

ಹೆಚ್ಚಿನವು ಸರಳ: ಮೂಲ ಪದ ಹಾಗೆಯೇ ಉಳಿದು ಬಾಲ ಸೇರುತ್ತದೆ. ಮೂರು ಮಾತ್ರ ಬೇರೆ. ‘ಕ್ಯಾನ್’ಗೆ ಈಗಾಗಲೇ ಒಂದು ಎನ್ ಇದೆ, ಇನ್ನೊಂದು ಸೇರುವುದಿಲ್ಲ. ‘ಶಾಲ್’ ತನ್ನ ಎರಡು ಎಲ್‌ಗಳನ್ನು ಕಳೆದುಕೊಂಡು ‘ಶಾಂಟ್’ ಆಗುತ್ತದೆ. ಅಮೆರಿಕದಲ್ಲಿ ಇದು ಹೆಚ್ಚುಕಡಿಮೆ ಇಲ್ಲವೇ ಇಲ್ಲ, ನೀವೂ ಬಿಟ್ಟುಬಿಡಬಹುದು. ‘ವಿಲ್’ಗೆ ‘ವಿಲಂಟ್’ ಏಕಾಗಲಿಲ್ಲ ಎಂದು ಮಕ್ಕಳು ಕೇಳುತ್ತಾರೆ. ಮಧ್ಯಕಾಲದ ಇಂಗ್ಲಿಷಿನಲ್ಲಿ ‘ವಿಲ್’ಗೆ ‘ವೊಲ್’ ಎಂಬ ಇನ್ನೊಂದು ರೂಪವೂ ಇತ್ತು. ‘ವಿಲ್’ ಗೆದ್ದಿತು, ಆದರೆ ಆ ಹಳೆಯ ರೂಪ ನಿಷೇಧದಲ್ಲಿ ಮಾತ್ರ ‘ವೋಂಟ್’ ಆಗಿ ಉಳಿದುಕೊಂಡಿತು.

ಚುಕ್ಕಿ ಬಿಟ್ಟರೆ ಏನಾಗುತ್ತದೆ ಎಂದು ಕೇಳುವವರಿಗೆ: ಚುಕ್ಕಿಯಿಲ್ಲದ ‘ಕ್ಯಾಂಟ್’ ಎಂದರೆ ಬೂಟಾಟಿಕೆಯ ಮಾತು, ಚುಕ್ಕಿಯಿಲ್ಲದ ‘ವೋಂಟ್’ ಎಂದರೆ ರೂಢಿ. ಎರಡೂ ನಿಘಂಟಿನಲ್ಲಿರುವ ಬೇರೆ ಪದಗಳಾದ್ದರಿಂದ ಮೊಬೈಲಿನ ಕಾಗುಣಿತ ತಿದ್ದುವ ಸೌಲಭ್ಯ ಕೆಲವೊಮ್ಮೆ ಸುಮ್ಮನೆ ಬಿಟ್ಟುಬಿಡುತ್ತದೆ. ಅದನ್ನು ನಂಬಿ ಕೂರಬೇಡಿ.

‘ಮೇ ನಾಟ್’ ಅನ್ನು ಕುಗ್ಗಿಸಬೇಡಿ. ‘ಮೇಯಂಟ್’ ಎಂಬುದು ಹಳೆಯ ಪುಸ್ತಕಗಳಲ್ಲಿ ಸಿಗುತ್ತದೆ, ಇಂದಿನ ಬಾಯಲ್ಲಿ ಇಲ್ಲ. ‘ಮೈಟಂಟ್’ ಬ್ರಿಟನ್ನಿನಲ್ಲಿ ಅಲ್ಲಲ್ಲಿ ಕೇಳಿಸುತ್ತದೆ, ನೀವು ‘ಮೈಟ್ ನಾಟ್’ ಎಂದೇ ಬಿಡಿಸಿ ಹೇಳಿದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ.

ನಾಲ್ಕನೆಯ ಹೆಜ್ಜೆ: ಉಚ್ಚಾರ

ಬರೆದಾಗ ಸರಿಯಾಗಿದ್ದವರೂ ಫೋನಿನಲ್ಲಿ ಸಿಕ್ಕಿಬೀಳುವ ಜಾಗ ಇದು. ಮೊದಲನೆಯದು ‘ವಾಂಟ್’ ಮತ್ತು ‘ವೋಂಟ್’. ಒಂದು ಬೇಕು, ಇನ್ನೊಂದು ಒಲ್ಲೆ, ಅರ್ಥ ಎದುರುಬದುರು. ‘ವೋಂಟ್’ನಲ್ಲಿ ತುಟಿ ಗುಂಡಗಾಗಬೇಕು, ‘ಓಟ’, ‘ಓಣಿ’ ಎನ್ನುವಾಗ ಬರುವ ದೀರ್ಘ ಓ. ‘ವಾಂಟ್’ನಲ್ಲಿ ಬಾಯಿ ತೆರೆದುಕೊಳ್ಳುತ್ತದೆ. ಕನ್ನಡಕ್ಕೆ ದೀರ್ಘ ಓ ಇರುವುದರಿಂದ ನಮಗಿದು ಕಷ್ಟವೇ ಅಲ್ಲ, ಗಮನ ಇಲ್ಲ ಅಷ್ಟೇ. ಸಂದರ್ಶನದಲ್ಲಿ ‘ಐ ವಾಂಟ್ ಲೀವ್ ದಿಸ್ ಜಾಬ್’ ಎಂಬ ಹಾಗೆ ಕೇಳಿಸಿದರೆ ನಿಮ್ಮ ನಿಷ್ಠೆಯ ಮಾತು ಅವರ ಕಿವಿಗೆ ರಾಜೀನಾಮೆಯಾಗಿ ತಲುಪುತ್ತದೆ.

ಎರಡನೆಯದು ‘ಕ್ಯಾನ್’ ಮತ್ತು ‘ಕಾಂಟ್’. ಬ್ರಿಟಿಷರು ‘ಕಾಂಟ್’ ಎಂದು ಆಕಾರ ಎಳೆಯುವುದರಿಂದ ತೊಂದರೆಯಿಲ್ಲ. ಅಮೆರಿಕನ್ನರದು ‘ಕ್ಯಾಂಟ್’, ಅದರಲ್ಲೂ ಕೊನೆಯ ಟಿ ಗಂಟಲಲ್ಲೇ ನಿಲ್ಲುತ್ತದೆ. ಹಾಗಾದರೆ ಅವರು ಹೌದೆಂದರೋ ಅಲ್ಲವೆಂದರೋ ತಿಳಿಯುವುದು ಹೇಗೆ? ಟಿ ಹುಡುಕಬೇಡಿ, ಒತ್ತು ಕೇಳಿ. ಆಗುತ್ತದೆ ಎನ್ನುವಾಗ ವಾಕ್ಯದ ನಡುವೆ ‘ಕ್ಯಾನ್’ ಸೊರಗಿ ‘ಕನ್’ ಆಗಿಬಿಡುತ್ತದೆ: ‘ಐ ಕನ್ ಕಮ್’, ಒತ್ತು ‘ಕಮ್’ ಮೇಲೆ. ಆಗುವುದಿಲ್ಲ ಎನ್ನುವಾಗ ‘ಕ್ಯಾಂಟ್’ ಪೂರ್ಣ ಸ್ವರದೊಂದಿಗೆ ಒತ್ತು ಪಡೆಯುತ್ತದೆ. ನಮ್ಮ ತೊಂದರೆ ಎಂದರೆ ‘ಕ್ಯಾನ್’ ಅನ್ನೂ ನಾವು ಎಲ್ಲೆಡೆ ಗಟ್ಟಿಯಾಗಿ ಒತ್ತುತ್ತೇವೆ. ಕೇಳುವವರು ಅದನ್ನು ನಿಷೇಧ ಎಂದುಕೊಳ್ಳುತ್ತಾರೆ. ಎಪಿಎಂಸಿಯಿಂದ ಹೊರ ರಾಜ್ಯದ ಖರೀದಿದಾರರಿಗೆ ಬೇಳೆಯ ದರ, ರವಾನೆಯ ದಿನ ಹೇಳುವಾಗ ಇಂಥ ಎಡವಟ್ಟಿಗೆ ಎಡೆಕೊಡದೆ ‘ಕ್ಯಾನಾಟ್’ ಎಂದು ಪೂರ್ತಿ ಹೇಳಿಬಿಡುವುದು ಜಾಣತನ.

‘ಮಸಂಟ್’ನಲ್ಲಿ ಮೊದಲ ಟಿ ಮೌನ. ‘ಮಸ್ಟಂಟ್’ ಎಂದು ಹೇಳುವುದು ಬೇಡ.

ಐದನೆಯ ಹೆಜ್ಜೆ: ಪ್ರಶ್ನೆ ಮತ್ತು ಉತ್ತರ

ಪ್ರಶ್ನೆ ಮಾಡುವಾಗ ಕುಗ್ಗಿದ ರೂಪ ಇಡಿಯಾಗಿ ಮುಂದೆ ಹೋಗುತ್ತದೆ: ‘ಕಾಂಟ್ ಯೂ ವೇಟ್?’ ಬಿಡಿಸಿ ಹೇಳಿದರೆ ‘ನಾಟ್’ ಹಿಂದೆ ಉಳಿಯುತ್ತದೆ: ‘ಕ್ಯಾನ್ ಯೂ ನಾಟ್ ವೇಟ್?’ ‘ಕ್ಯಾನ್ ನಾಟ್ ಯೂ ವೇಟ್’ ಎಂಬ ಕ್ರಮ ಇಂದು ನಡೆಯುವುದಿಲ್ಲ.

ಉತ್ತರದಲ್ಲಿ ಕನ್ನಡ, ಇಂಗ್ಲಿಷ್ ಎರಡರ ದಾರಿ ಬೇರೆಯಾಗುತ್ತದೆ. “ಮದುವೆಗೆ ಬರುವುದಿಲ್ಲವೇ ಕಾಕಾ?” ಎಂದು ಕೇಳಿದರೆ ಕಾಕಾ “ಹೌದಪ್ಪ, ಬರುವುದಿಲ್ಲ” ಎನ್ನಬಹುದು, ಕೇಳಿದವರ ಊಹೆಗೆ ಅದು ಒಪ್ಪಿಗೆ. ಇಂಗ್ಲಿಷಿನಲ್ಲಿ ‘ಯೆಸ್’, ‘ನೋ’ ಕೇಳಿದವರ ಊಹೆಯನ್ನು ನೋಡುವುದಿಲ್ಲ, ಮುಂದಿನ ನಿಮ್ಮ ಕ್ರಿಯಾಪದವನ್ನು ನೋಡುತ್ತವೆ. ‘ವೋಂಟ್ ಯೂ ಕಮ್?’ ಎಂದರೆ ಬರುವವರು ‘ಯೆಸ್, ಐ ವಿಲ್’, ಬಾರದವರು ‘ನೋ, ಐ ವೋಂಟ್’. ‘ಯೆಸ್, ಐ ವೋಂಟ್’ ಎಂದರೆ ಎಲೆ ಹಾಕಬೇಕೋ ಬೇಡವೋ ಅವರಿಗೆ ಗೊತ್ತಾಗುವುದಿಲ್ಲ. ಬರಿಯ ‘ಯೆಸ್’ ಹೇಳಿ ನಿಲ್ಲಿಸುವುದು ಇನ್ನೂ ಅಪಾಯ. ಯಾವಾಗಲೂ ಬಾಲ ಸೇರಿಸಿ.

“ಅಲ್ಲವೇ” ಎಂಬ ಒಂದೇ ಬಾಲವನ್ನು ನಾವು ಎಲ್ಲ ವಾಕ್ಯಕ್ಕೂ ಕಟ್ಟುತ್ತೇವೆ. ಅದೇ ಅಭ್ಯಾಸದಿಂದ ‘ಇಸಂಟ್ ಇಟ್’ ಎಲ್ಲ ಕಡೆ ನುಗ್ಗುತ್ತದೆ. ಇಂಗ್ಲಿಷಿನಲ್ಲಿ ವಾಕ್ಯದ ಮೋಡಲ್‌ಗೆ ತಕ್ಕ ಬಾಲ ಬೇಕು, ಅದೂ ಉಲ್ಟಾ: ‘ವಿ ಕ್ಯಾನ್ ಸೀ ಬೀದರ್ ಫೋರ್ಟ್ ಟುಡೇ, ಕಾಂಟ್ ವಿ?’, ‘ಯೂ ವೋಂಟ್ ಟೆಲ್ ಫಾದರ್, ವಿಲ್ ಯೂ?’ ಭಾರತದೊಳಗೆ ‘ಇಸಂಟ್ ಇಟ್’ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ, ಅದರ ಬಗ್ಗೆ ನನಗೆ ಅಂಥ ಸಿಟ್ಟೂ ಇಲ್ಲ. ಪರೀಕ್ಷೆಯಲ್ಲಿ ಮಾತ್ರ ಅಂಕ ಹೋಗುತ್ತದೆ.

ಆರನೆಯ ಹೆಜ್ಜೆ: ಆಗಿಹೋದ ಮಾತು

ಇಲ್ಲಿ ಕನ್ನಡ ನಿಮ್ಮ ಕೈಹಿಡಿದು ನಡೆಸುತ್ತದೆ. “ಮಾಡಲಾಗಲಿಲ್ಲ” ಎಂದರೆ ‘ಕುಡಂಟ್ ಡೂ’. “ಮಾಡಲೊಲ್ಲನಾದ” ಎಂದರೆ ‘ವುಡಂಟ್ ಡೂ’. “ಮಾಡಬಾರದಿತ್ತು” ಎಂದರೆ ‘ಶುಡಂಟ್ ಹ್ಯಾವ್ ಡನ್’. ಮಾಡಿ ಆಗಿದೆ, ಈಗ ಆಕ್ಷೇಪ. “ಮಾಡಿರಲಾರ” ಎಂದರೆ ‘ಕಾಂಟ್ ಹ್ಯಾವ್ ಡನ್’. ಪ್ರತಿಯೊಂದಕ್ಕೂ ಜೋಡಿ ಸಿದ್ಧವಾಗಿದೆ.

ಒಂದು ಸೂಕ್ಷ್ಮ: ನಿನ್ನೆ ಓಡಿಹೋಗಿ ರೈಲು ಹಿಡಿದಿರಿ ಎನ್ನಿ. ‘ಐ ಕುಡ್ ಕ್ಯಾಚ್ ದ ಟ್ರೇನ್’ ಸರಿಯಲ್ಲ, ಒಮ್ಮೆ ಸಾಧಿಸಿದ ಕೆಲಸಕ್ಕೆ ‘ವಾಸ್ ಏಬಲ್ ಟು’ ಬೇಕು. ರೈಲು ತಪ್ಪಿದ್ದರೆ ‘ಐ ಕುಡಂಟ್ ಕ್ಯಾಚ್ ದ ಟ್ರೇನ್’ ಎನ್ನಲು ಅಡ್ಡಿಯಿಲ್ಲ.

“ಬೇಕಾಗಿರಲಿಲ್ಲ” ಎಂಬಲ್ಲಿ ಮಾತ್ರ ಇಂಗ್ಲಿಷ್ ಎರಡು ಕವಲಾಗುತ್ತದೆ. ಬೇಕಿಲ್ಲದಿದ್ದರೂ ಮಾಡಿಬಿಟ್ಟಿದ್ದರೆ ‘ನೀಡಂಟ್ ಹ್ಯಾವ್’: ಬಸ್ ಖಾಲಿಯಾಗಿತ್ತು, ಮುಂಗಡ ಟಿಕೆಟ್ ಸುಮ್ಮನೆ ತೆಗೆದೆ ಎನ್ನಲು ‘ಐ ನೀಡಂಟ್ ಹ್ಯಾವ್ ಬುಕ್ಡ್’. ಮಾಡಿದಿರೋ ಇಲ್ಲವೋ ಹೇಳದೆ ಅಗತ್ಯವಿರಲಿಲ್ಲ ಎಂದಷ್ಟೇ ಹೇಳಲು ‘ಐ ಡಿಡಂಟ್ ನೀಡ್ ಟು ಬುಕ್’.

ಈ ‘ಹ್ಯಾವ್’ ವೇಗದ ಮಾತಿನಲ್ಲಿ ‘ಅವ್’ ಎಂದು ಕುಗ್ಗುತ್ತದೆ. ಅದನ್ನು ಕಿವಿಯಿಂದ ಕಲಿತ ಇಂಗ್ಲಿಷರೇ ಅನೇಕರು ‘ಕುಡಂಟ್ ಆಫ್’ ಎಂದು ಬರೆಯುತ್ತಾರೆ. ಅವರು ಬರೆದರೆಂದು ನೀವು ಬರೆಯಬೇಡಿ.

ಎಲ್ಲಿ ಕುಗ್ಗಿಸಬಾರದು

ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯದ ಹಾಸ್ಟೆಲಿನಲ್ಲಿ ಬೇರೆ ರಾಜ್ಯದ ಗೆಳೆಯರೊಂದಿಗೆ ಹರಟುವಾಗ ‘ಕಾಂಟ್’, ‘ವೋಂಟ್’ ಸಹಜ. ಅಲ್ಲಿ ಬಿಡಿಸಿ ಹೇಳಿದರೆ ಜಗಳಕ್ಕೆ ನಿಂತಂತೆ ಕೇಳಿಸುತ್ತದೆ, ಏಕೆಂದರೆ ಬಿಡಿಯಾದ ‘ನಾಟ್’ಗೆ ಒತ್ತು ಬೀಳುತ್ತದೆ. ಅದೇ ವಿದ್ಯಾರ್ಥಿ ಪ್ರಬಂಧ ಬರೆಯುವಾಗ, ಉದ್ಯೋಗದ ಅರ್ಜಿ ಕಳುಹಿಸುವಾಗ ಪೂರ್ಣರೂಪ ಬಳಸಬೇಕು. ‘ಕ್ಯಾನಾಟ್’ ಅನ್ನು ಒಂದೇ ಪದವಾಗಿ ಬರೆಯುವುದು ರೂಢಿ. ಕಾನೂನಿನ ಭಾಷೆಯಂತೂ ಕುಗ್ಗುವುದೇ ಇಲ್ಲ: ಸಂವಿಧಾನದ 14 ಮತ್ತು 15ನೆಯ ವಿಧಿಗಳ ಇಂಗ್ಲಿಷ್ ಪಠ್ಯದಲ್ಲಿ ರಾಜ್ಯವನ್ನು ಕಟ್ಟಿಹಾಕಿರುವುದು ‘ಶಾಲ್ ನಾಟ್’. ಅಲ್ಲಿ ಅದು ಭವಿಷ್ಯತ್ಕಾಲವಲ್ಲ, ನಿಷೇಧ.

ರೂಢಿಸಿಕೊಳ್ಳಲು

ದಿನವೂ ಮನೆಯಲ್ಲಿ, ಬಸ್ಸಿನಲ್ಲಿ ಕಿವಿಗೆ ಬೀಳುವ ಕನ್ನಡದ ನಿಷೇಧ ವಾಕ್ಯಗಳನ್ನು ಬರೆದಿಟ್ಟುಕೊಂಡು ರಾತ್ರಿ ಇಂಗ್ಲಿಷಿಗೆ ತನ್ನಿ. ಪುಸ್ತಕದ ಅಭ್ಯಾಸಗಳಿಗಿಂತ ಇದು ಬೇಗ ಹತ್ತುತ್ತದೆ. ಶುರುವಿಗೆ ನಾಲ್ಕು ಇಲ್ಲಿವೆ. ಉತ್ತರದ ಸಾಲನ್ನು ಕೈಯಿಂದ ಮುಚ್ಚಿಕೊಂಡು ಪ್ರಯತ್ನಿಸಿ.

“ಎಷ್ಟು ಸಲ ಒತ್ತಿದರೂ ಪಂಪ್‌ಸೆಟ್ ಶುರುವಾಗಲೊಲ್ಲದು.”
‘ದ ಪಂಪ್ ವೋಂಟ್ ಸ್ಟಾರ್ಟ್.’

“ನೀವು ಸ್ಟೇಷನ್ನಿನವರೆಗೆ ಬರಬೇಕಾಗಿರಲಿಲ್ಲ.” (ಹೇಳುವಾಗ ಅವರು ಎದುರಿಗೇ ನಿಂತಿದ್ದಾರೆ.)
‘ಯೂ ನೀಡಂಟ್ ಹ್ಯಾವ್ ಕಮ್ ಟು ದ ಸ್ಟೇಷನ್.’

“ರೈಲು ಇಷ್ಟು ಬೇಗ ವಾಡಿ ದಾಟಿರಲಾರದು.”
‘ದ ಟ್ರೇನ್ ಕಾಂಟ್ ಹ್ಯಾವ್ ಕ್ರಾಸ್ಡ್ ವಾಡಿ ಸೋ ಸೂನ್.’

“ಅವರು ಇವತ್ತು ಅಂಗಡಿ ತೆರೆಯದೆ ಇರಬಹುದು.”
‘ದೇ ಮೈಟ್ ನಾಟ್ ಓಪನ್ ದ ಶಾಪ್ ಟುಡೇ.’ ‘ವೋಂಟ್’ ಎಂದು ಬರೆದಿದ್ದರೆ ನೀವು ಅವರ ಅಂಗಡಿಗೆ ಬೀಗವನ್ನೇ ಹಾಕಿಸಿದ್ದೀರಿ. ‘ಮೇ ನಾಟ್’ ಎಂದು ಬರೆದಿದ್ದರೆ ಅದೂ ಸರಿ.